ಎಣಿಕೆ

ಏಪ್ರಿಲಿನಿಂದ ಕಾರು ಗ್ಯಾರೇಜಿನ ಹೊರಗೆ.
ಬೆಳಗಿನ ಹೊತ್ತು ಅದರ ಗಾಜಿನ ಮೇಲೆ ಮಂಜು ಹೆಪ್ಪುಗಟ್ಟಿರುತ್ತಿತ್ತು.
ಉಮಾಪತಿ ದೋಸೆಯ ಸಟ್ಟುಗದಿಂದ ಅದನ್ನು ಕೆರೆಯುತ್ತಿದ್ದರು,
ನನ್ನ ಕಡೆ ನೋಡುತ್ತಿರಲಿಲ್ಲ.

ಒಳಗೆ, ಪ್ಲೈವುಡ್ಡಿನ ನಾಲ್ಕು ಹಾಳೆ, ತಾಮ್ರದ ತಂತಿಯ ಸುರುಳಿ,
ಅಂಟಿನ ಎರಡು ಡಬ್ಬ, ಮಡಿಸಿ ಮಡಿಸಿ ಹರಿದ ನಕ್ಷೆ.
ಮರವನ್ನು ಹೊಲಿಯುತ್ತಾರೆ ಅಂತ ನನಗೆ ಗೊತ್ತೇ ಇರಲಿಲ್ಲ.
ಅಂಚಿನುದ್ದಕ್ಕೂ ತೂತು, ತೂತಿಗೊಂದು ತಂತಿ,
ಇಕ್ಕಳದಲ್ಲಿ ತಿರುವಿ ಬಿಗಿ ಮಾಡಬೇಕು, ಸಾಕು ಅನಿಸಿದ ಮೇಲೂ ಅರ್ಧ ಸುತ್ತು.
ಚಪ್ಪಟೆ ಬಿದ್ದಿದ್ದ ಹಲಗೆಗಳು ಒಂದನ್ನೊಂದು ಹಿಡಿದುಕೊಂಡು
ಸಂಜೆಯ ಹೊತ್ತಿಗೆ ಹೊಟ್ಟೆ ಬಿಟ್ಟಿದ್ದವು.
ಆ ರಾತ್ರಿ ಮೂರು ಸಲ ಎದ್ದು ಹೋಗಿ ದೀಪ ಹಾಕಿ ನೋಡಿ ಬಂದೆ.

ಆಸ್ಪತ್ರೆಯಲ್ಲಿ ನನ್ನ ಕೆಲಸ ಎಣಿಸುವುದು.
ಆಪರೇಷನ್ ಮುಗಿದ ತಟ್ಟೆಗಳು ಬರುತ್ತವೆ:
ಕತ್ತರಿ, ಚಿಮಟ, ಸೂಜಿ. ತೊಳೆದು, ಕುದಿಸಿ, ಎಣಿಸು.
ಒಂದು ಕಡಿಮೆ ಬಂದರೆ ಯಾರೂ ಮನೆಗೆ ಹೋಗುವಂತಿಲ್ಲ.
ಹದಿನೇಳು ವರ್ಷ. ಒಂದೂ ಕಡಿಮೆ ಬಂದಿಲ್ಲ.

ಜುಲೈ. ಲಾನ್ಸೆಸ್ಟನ್ನಿನಲ್ಲಿ ಆಷಾಢವೆಂದರೆ ಮೂಳೆ ಕೊರೆಯುವ ಚಳಿ.
ಎರಡಕ್ಕೊಂದು ಅಳತೆಯಲ್ಲಿ ಕಲಸಿದ ಅಂಟು
ಮೂರು ದಿನವಾದರೂ ಬೆರಳಿಗೆ ಜಿಗುಟುತ್ತಿತ್ತು.
ಪಕ್ಕದ ಮನೆಯ ಡೆಸ್ಲಿ ಬೇಲಿಯ ಮೇಲೆ ಗದ್ದ ಊರಿ
ಕೆರೆದು ತೆಗೆದು ಹೊಸದು ಬಳಿ ಅಂದಳು.
ನಾನು ಹೆಪ್ಪು ಹಾಕುವವಳು.
ಹಾಲು ತಡ ಮಾಡಿತೆಂದು ಯಾರಾದರೂ ಚೆಲ್ಲುತ್ತಾರೆಯೇ?
ಗದಗಿನಲ್ಲಿ ಅವ್ವ, ಚಳಿಗಾಲ ಬಂತೆಂದರೆ,
ಮೊಸರಿನ ಬಟ್ಟಲನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹೂತಿಡುತ್ತಿದ್ದಳು.
“ಹೊದಿಸಿ ಇಡು, ಮುಟ್ಟಬ್ಯಾಡ, ನೋಡಲೂಬ್ಯಾಡ.”

ನಮ್ಮ ಹಾಸಿಗೆಯ ವಿದ್ಯುತ್ ಕಂಬಳಿ ಕಿತ್ತು ತಂದು ದೋಣಿಗೆ ಹೊದಿಸಿದೆ.
ಉಮಾಪತಿ ಎರಡು ಸ್ವೆಟರ್, ಕಾಲುಚೀಲ, ಮಂಕಿ ಟೋಪಿ ಹಾಕಿಕೊಂಡು
ಗೋಡೆಯ ಕಡೆ ತಿರುಗಿ ಮಲಗಿದರು.
ಬೆಳಿಗ್ಗೆ ಉಗುರೊತ್ತಿ ನೋಡಿದೆ.
ಗುರುತು ಬೀಳಲಿಲ್ಲ.

ಆಮೇಲೆ ತಂತಿ ಕೀಳುವ ದಿನ.
ಹೊಲಿದದ್ದು ಇನ್ನೂರ ಹನ್ನೆರಡು, ತಟ್ಟೆಯಲ್ಲಿ ಇನ್ನೂರ ಹನ್ನೊಂದು.
ನೆಲ ಗುಡಿಸಿದೆ, ಹೊಟ್ಟು ಜರಡಿ ಹಿಡಿದೆ,
ಆಯಸ್ಕಾಂತ ತಂದೆ, ತಾಮ್ರ ಅದಕ್ಕೆ ಅಂಟುವುದಿಲ್ಲವೆಂದು
ತಂದ ಮೇಲೆ ನೆನಪಾಯಿತು.
ಅದು ಒಳಗೇ ಉಳಿದಿದೆ, ಎಲ್ಲೋ ಅಂಟಿನ ಕೆಳಗೆ.

ಮೂತಿಯಿಂದ ಬಾಲಕ್ಕೆ ದಾರ ಎಳೆದೆ. ಅದೂ ಸುಮ್ಮನಿರಲಿಲ್ಲ:
ಬಾಲ ಎಡಕ್ಕೆ ಆರು ಮಿಲಿಮೀಟರು.
ಡೆಸ್ಲಿಗೆ ತೋರಿಸಿದೆ. ಕಳೆದ ವರ್ಷ ಸೊಂಟದ ಕೀಲು ಬದಲಿಸಿಕೊಂಡವಳು,
ದಾರದ ಪಕ್ಕ ಬಗ್ಗಿ, ಏಳಲು ನನ್ನ ಭುಜ ಹಿಡಿದು,
“ಇಷ್ಟು ನೆಟ್ಟಗೆ ನಾನೇ ನಡೆಯಲ್ಲ” ಅಂದಳು.
ಆ ಸೊಂಟದ ಚಿಮಟಗಳನ್ನು ಎಣಿಸಿದವಳು ನಾನೇ ಇರಬೇಕು.

ಸೆಪ್ಟೆಂಬರ್. ಇಳಿತದಲ್ಲಿ ಟೇಮರ್ ನದಿ ಬರೀ ಕೆಸರು.
ಉಬ್ಬರಕ್ಕೆ ಕಾದು ಕೂತೆವು, ಫ್ಲಾಸ್ಕಿನ ಚಹಾ ಮುಗಿಯಿತು.
ಬಟ್ಟೆ ಒಣಗಿಸುವ ಹಗ್ಗದ ಒಂದು ತುದಿಯನ್ನು ದೋಣಿಗೆ ಕಟ್ಟಿ
ಇನ್ನೊಂದನ್ನು ಉಮಾಪತಿ ಕೈಗೆ ಎರಡು ಸುತ್ತು ಸುತ್ತಿಕೊಂಡರು.
ಅವರಿಗೆ ಈಜು ಬರುವುದಿಲ್ಲ. ನನಗೂ ಬಂದು ನಾಲ್ಕೇ ವರ್ಷ.

ತೇಲಿತು.
ನಾಲ್ಕು ಸಲ ಹುಟ್ಟು ಹಾಕಿದೆ, ಎಡಕ್ಕೆ ಹೋಯಿತು.
ಬಲಕ್ಕೆ ವಾಲಿದೆ, ಇನ್ನಷ್ಟು ಎಡಕ್ಕೆ.
ಜೊಂಡಿನೊಳಗೆ ಮೂತಿ ತೂರಿಸಿಕೊಂಡು ಕೂತು
ಬೇರೇನೂ ತೋಚದೆ, ಎಳೆಯುವ ಕಡೆಗೇ,
ಎಡ ಸೊಂಟದ ಮೇಲೇ ಭಾರ ಬಿಟ್ಟೆ.
ದೋಣಿ ನೆಟ್ಟಗಾಯಿತು.

ಹಗ್ಗ ಮುಗಿಯುವವರೆಗೆ ಹೋದೆ. ಮುಗಿದ ಮೇಲೂ ಹೋಗುತ್ತಿದ್ದೆ;
ತಿರುಗಿ ನೋಡಿದರೆ ಅದರ ತುದಿ ನನ್ನ ಹಿಂದೆ ನೀರಿನಲ್ಲಿತ್ತು.
ದಡದಲ್ಲಿ ಉಮಾಪತಿ, ಬರಿಗೈ, ಬಾಯಿಗೆ ಅಂಗೈ ಕಟ್ಟಿ ಕೂಗಿದರು:
“ಕಂಬಳಿ ಇವತ್ತರೆ ಹಾಸಿಗಿಗೆ ಬರತೈತೇನು?”

ಹೂಂ ಅನ್ನಲು ಕೈ ಎತ್ತಿದೆ.
ದೋಣಿ ಎಡಕ್ಕೆ ತಿರುಗಿತು.